ಲಾಭ ಎಂದರೆ ಡಬ್ಬಿಯಲ್ಲಿರುವ ದುಡ್ಡಲ್ಲ

ಪ್ರಶ್ನೆ: ನಮ್ಮ ಶಾಲೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಸಂತೆ ಮಾಡುತ್ತೇವೆ. ವ್ಯಾಪಾರ ಭರ್ಜರಿ. ಮರುದಿನ ಕೇಳಿದರೆ ಮಾತ್ರ ಎಲ್ಲರೂ ‘ಮುನ್ನೂರು ಲಾಭ, ನಾನೂರು ಲಾಭ’ ಅನ್ನುತ್ತಾರೆ. ಇದನ್ನು ತಿದ್ದುವುದು ಹೇಗೆ?
– ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಸೊಪ್ಪು ಹಿತ್ತಲಿನಿಂದ, ಸಕ್ಕರೆ ಅಡುಗೆಮನೆಯಿಂದ ಪುಕ್ಕಟೆ ಬಂದರೆ ಡಬ್ಬಿಗೆ ಬಿದ್ದದ್ದೆಲ್ಲ ಲಾಭದಂತೆಯೇ ಕಾಣುತ್ತದೆ. ಈ ಸಲ ನಾಲ್ಕು ಮಕ್ಕಳ ಗುಂಪು ಮಾಡಿ, ಗುಂಪಿಗೆ 200 ರೂಪಾಯಿ ಸಾಲ ಕೊಡಿ. ಸಂತೆಯ ಸಂಜೆಯೇ ವಾಪಸ್ ಪಡೆಯಿರಿ. ಮನೆಯಿಂದ ಏನೇ ತಂದರೂ ಅಂಗಡಿ ದರ ಹಾಕಿ ಬರೆಸಿ.

ನಿಂಬೆ ಶರಬತ್ತನ್ನೇ ತೆಗೆದುಕೊಳ್ಳಿ. ದರ ನಿಮ್ಮೂರಿನದನ್ನು ಹಾಕಿಕೊಳ್ಳಿ. 20 ನಿಂಬೆಹಣ್ಣಿಗೆ 80, ಒಂದು ಕೆ.ಜಿ. ಸಕ್ಕರೆಗೆ 45, 40 ಪೇಪರ್ ಲೋಟಕ್ಕೆ 40, ಏಲಕ್ಕಿ, ಐಸ್‌ಗೆ 15. ಒಟ್ಟು 180 ರೂಪಾಯಿ. ಇದರಲ್ಲಿ ಎಂಟು ಲೀಟರ್, ಅಂದರೆ 200 ಮಿ.ಲೀ. ಲೆಕ್ಕದಲ್ಲಿ 40 ಲೋಟ. ಲೋಟಕ್ಕೆ ನಾಲ್ಕೂವರೆ ರೂಪಾಯಿ ಬಿತ್ತು. ಹತ್ತು ರೂಪಾಯಿಗೆ ಮಾರಿದರೆ 18ನೇ ಲೋಟದ ತನಕ ಹಾಕಿದ ದುಡ್ಡೇ ಬರುತ್ತದೆ, ಗಳಿಕೆ 19ರಿಂದ. ಮೂವತ್ತು ಲೋಟ ಮಾರಿ ಹತ್ತು ಉಳಿಯಿತು ಅನ್ನಿ. ಮಕ್ಕಳು ಐದೂವರೆಯನ್ನು ಮೂವತ್ತರಿಂದ ಗುಣಿಸಿ 165 ಲಾಭ ಅನ್ನುತ್ತಾರೆ. ಡಬ್ಬಿಯಲ್ಲಿರುವುದು 300, ಸಾಮಾನಿನ ಖರ್ಚು 180 ಕಳೆದರೆ 120 ಮಾತ್ರ. ಆ 45 ಎಲ್ಲಿ ಹೋಯಿತೆಂದು ಅವರೇ ಹುಡುಕಲಿ, ನೀವು ಹೇಳಿಕೊಡಬೇಡಿ. ಮಾರಾಟವಾಗದ ಹತ್ತು ಲೋಟ ಕಣ್ಣೆದುರಿಗೇ ಇರುತ್ತದೆ. ಈ ಗುಣಾಕಾರ ನಾಲ್ಕು, ಐದನೇ ತರಗತಿಗೆ ಸರಿ. ಚಿಕ್ಕವರಿಗೆ ತಂದದ್ದು, ಖರ್ಚಾದದ್ದು, ಉಳಿದದ್ದು ಎಂದು ನಾಣ್ಯವನ್ನು ಮೂರು ಗುಡ್ಡೆ ಮಾಡಿಸಿದರೆ ಸಾಕು.

ಸಂತೆ ಕೆಡುವುದು ಸಾಮಾನ್ಯವಾಗಿ ಚಿಲ್ಲರೆಯಿಂದ. ಎಲ್ಲರೂ ನೂರರ ನೋಟು ಹಿಡಿದು ಬರುತ್ತಾರೆ. ಗುಂಪಿಗೆ ನೂರು ರೂಪಾಯಿಯ ಚಿಲ್ಲರೆ ಬೇರೆಯಾಗಿ ಕೊಟ್ಟು ಬರೆದಿಟ್ಟುಕೊಳ್ಳಿ, ಲಾಭದ ಲೆಕ್ಕಕ್ಕೆ ಕೂಡಿಸುವ ಮುಂಚೆ ವಾಪಸ್ ತೆಗೆಯಿರಿ. ಕ್ಯೂಆರ್ ಕೋಡ್ ಬೇಡ. ದುಡ್ಡು ಅಪ್ಪನ ಖಾತೆಗೆ ಹೋದರೆ ಮಗುವಿಗೆ ಎಣಿಸಲು ಏನೂ ಉಳಿಯುವುದಿಲ್ಲ. ಬಹುಮಾನ ಕೊಡುವುದಾದರೆ ಹೆಚ್ಚು ಗಳಿಸಿದವರಿಗಲ್ಲ, ಲೆಕ್ಕ ಕೂಡಿದವರಿಗೆ ಕೊಡಿ. ಇಲ್ಲದಿದ್ದರೆ ಗೆಲ್ಲುವುದು ಅಮ್ಮಂದಿರ ಪರ್ಸು.

ಪ್ರಶ್ನೆ: ಏಳು ವರ್ಷದ ಮಗಳಿಗೆ ಬೆಲೆ ಯಾಕೆ ಏರುತ್ತದೆ, ಇಳಿಯುತ್ತದೆ ಅಂತ ಹೇಗೆ ಹೇಳಲಿ?
– ಗೃಹಿಣಿ, ಬೆಂಗಳೂರು

ಉತ್ತರ: ಹೇಳುವುದಕ್ಕಿಂತ ಹೂವು ಕೊಳ್ಳಲು ಕರೆದುಕೊಂಡು ಹೋಗಿ. ಆಷಾಢದಲ್ಲಿ ಒಂದು ಮೊಳ ಸೇವಂತಿಗೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಒಂದು ಮೊಳ, ಪಿತೃಪಕ್ಷದಲ್ಲಿ ಒಂದು ಮೊಳ. ದರವನ್ನು ಅವಳ ಕೈಯಿಂದಲೇ ಕ್ಯಾಲೆಂಡರಿನಲ್ಲಿ ಬರೆಸಿ. ಮದುವೆ, ಶುಭಕಾರ್ಯ ಇಲ್ಲದಾಗ ಹೂವು ಕೇಳುವವರು ಕಡಿಮೆ. ಹಬ್ಬದ ದಿನ ಇಡೀ ಊರಿಗೇ ಬೇಕು. ಪ್ರತಿ ಸಲ ಒಬ್ಬರ ಬಳಿಯೇ ಕೊಳ್ಳಿ. ಮೊಳ ಅಳೆಯುವುದು ಅವರ ಕೈಯಲ್ಲಿ. ಮಾರುವವರು ಬದಲಾದರೆ ಅಳತೆಯೂ ಬದಲಾಗಿ ಹೋಲಿಕೆ ಕೆಡುತ್ತದೆ. ಒಂದು ದಿನ ರಾತ್ರಿ ಎಂಟರ ನಂತರವೂ ಹೋಗಿ: ನಾಳೆಗೆ ಬಾಡುವ ಹೂವನ್ನು ಎಷ್ಟಕ್ಕೆ ಕೊಡುತ್ತಾರೆ, ಕೇಳಲಿ. ಜನ ಮುತ್ತಿಕೊಂಡಿರುವಾಗ ಮಾತ್ರ ಪ್ರಶ್ನೆ ಬೇಡ. ಅದು ಅವರ ದುಡಿಮೆಯ ಹೊತ್ತು. ‘ನಿಮಗೆ ಎಷ್ಟು ಉಳಿಯುತ್ತೆ?’ ಎಂದು ಕೇಳಿಸಲೂಬೇಡಿ.

ಪ್ರಶ್ನೆ: ನಮ್ಮದು ಸಣ್ಣ ಹಳ್ಳಿ, ಅಂಗಡಿ ಒಂದೇ. ಮಕ್ಕಳಿಗೆ ಏನು ತೋರಿಸುವುದು?
– ಓದುಗರು, ಮಂಡ್ಯ ಜಿಲ್ಲೆ

ಉತ್ತರ: ಡೇರಿ ಇದೆಯಲ್ಲ! ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಐದಾರು ಮಕ್ಕಳನ್ನು ಕರೆದೊಯ್ಯಿರಿ, ಕಾರ್ಯದರ್ಶಿಗೆ ಹಿಂದಿನ ದಿನವೇ ತಿಳಿಸಿರಿ. ಇಬ್ಬರು ಐದೈದು ಲೀಟರ್ ಹಾಕಿದರೂ ಫ್ಯಾಟ್, ಅಂದರೆ ಹಾಲಿನ ಕೊಬ್ಬಿನಂಶ, ಬೇರೆ ಬಂದರೆ ಹಣವೂ ಬೇರೆ. ಗುಣಮಟ್ಟಕ್ಕೂ ಬೆಲೆ ಇದೆ ಎನ್ನುವುದು ಅಲ್ಲೇ ಕಾಣುತ್ತದೆ. ಮನೆಗೆ ಬಂದು ಒಂದು ವಾರದ ಹಾಲಿನ ಹಣ ಎಡಕ್ಕೆ, ಬೂಸಾ, ಹಿಂಡಿ, ಡಾಕ್ಟರ ಖರ್ಚು ಬಲಕ್ಕೆ ಬರೆಸಿ. ಹುಲ್ಲು ಕೊಯ್ದ ಅಮ್ಮನ ಕೂಲಿಯನ್ನು ಬಲಗಡೆ ಸೇರಿಸಲು ಬಹುತೇಕ ಎಲ್ಲರೂ ಮರೆಯುತ್ತಾರೆ, ದೊಡ್ಡವರೂ ಸಹ.