ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಅರಿವಳಿಕೆಯಲ್ಲಿರುವ ಪ್ರಾಣಿಯ ಕಾವಲು

ಪ್ರಶ್ನೆ: ಪಶುಸಂಗೋಪನಾ ಡಿಪ್ಲೊಮಾ ಮುಗಿಸಿ, ಶಿರಸಿಯ ಒಂದು ಖಾಸಗಿ ಪಶು ಚಿಕಿತ್ಸಾಲಯದಲ್ಲಿ ಎರಡು ವರ್ಷದಿಂದ ಸಹಾಯಕಿಯಾಗಿದ್ದೇನೆ. ನಾಯಿ, ಬೆಕ್ಕುಗಳ ಸಂತಾನಹರಣ ಶಸ್ತ್ರಚಿಕಿತ್ಸೆಯ ವೇಳೆ ಅರಿವಳಿಕೆಯ ಮೇಲೆ ಕಣ್ಣಿಡುವ ಕೆಲಸ ನನ್ನದು. ಈಗ ಹೊಸ ಮಾನಿಟರ್ ಬಂದಿದೆ. ಒಮ್ಮೊಮ್ಮೆ ಅದು ತೋರಿಸುವ ಅಂಕಿಗೂ ನನ್ನ ಕೈಗೆ ಸಿಗುವ ನಾಡಿಗೂ ತಾಳೆಯಾಗುವುದಿಲ್ಲ. ಯಾವುದನ್ನು ನಂಬಬೇಕು?
(ಓದುಗರೊಬ್ಬರು, ಶಿರಸಿ)

ಉತ್ತರ: ತಾಳೆಯಾಗದಿದ್ದಾಗ ಮೊದಲು ಪ್ರಾಣಿಯನ್ನು ನೋಡಿ, ಆಮೇಲೆ ತಂತಿಯನ್ನು, ಕೊನೆಗೆ ಪರದೆಯನ್ನು. ಹೆಚ್ಚಿನ ಸಲ ತಪ್ಪು ಮಾಡುವುದು ನಾಲಿಗೆಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರಿನ ಕ್ಲಿಪ್ಪು. ಒಂದೇ ಕಡೆ ಬಹಳ ಹೊತ್ತು ಕಚ್ಚಿಕೊಂಡಿದ್ದರೆ ಅಲ್ಲಿಯ ರಕ್ತ ಹಿಂಡಿಹೋಗುತ್ತದೆ, ನಾಲಿಗೆ ಒಣಗಿದರೆ ಅಳತೆ ಕೆಡುತ್ತದೆ, ಶಸ್ತ್ರಚಿಕಿತ್ಸೆಯ ದೀಪ ನೇರವಾಗಿ ಬಿದ್ದರೂ ಅದು ಗಲಿಬಿಲಿಗೊಳ್ಳುತ್ತದೆ. ನಾಲಿಗೆಯನ್ನು ಒದ್ದೆ ಮಾಡಿ, ಜಾಗ ಬದಲಿಸಿ ನೋಡಿ. ನಮ್ಮ ಊರ ನಾಯಿಗಳಲ್ಲಿ ನಾಲಿಗೆಯ ಮೇಲೆ ಕಪ್ಪು ಮಚ್ಚೆಯಿದ್ದರೆ ಬಣ್ಣವಿಲ್ಲದ ತುಟಿಗೋ ಕಿವಿಗೋ ಹಾಕಿ. ಯಂತ್ರ ತೋರಿಸುವ ನಾಡಿಯ ಸಂಖ್ಯೆ ನಿಮ್ಮ ಬೆರಳಿಗೆ ಸಿಕ್ಕ ಸಂಖ್ಯೆಯೊಂದಿಗೆ ಹೊಂದದಿದ್ದರೆ, ಅದು ಹೇಳುವ ಆಮ್ಲಜನಕದ ಪ್ರಮಾಣವನ್ನೂ ನಂಬುವಂತಿಲ್ಲ.

ಅಂಕಿ ಸರಿಯಾಗಿದ್ದಾಗಲೂ ಅದು ಹೇಳುವುದು ಸ್ವಲ್ಪವೇ. ನಾನು ವೃತ್ತಿಗೆ ಹೊಸಬನಾಗಿದ್ದಾಗ ಒಂದು ಬೆಕ್ಕಿನ ಶಸ್ತ್ರಚಿಕಿತ್ಸೆಯಲ್ಲಿ ಪರದೆಯ ಮೇಲೆ ಆಮ್ಲಜನಕ ಶೇ. 98 ಎಂದು ನೋಡಿ ನೆಮ್ಮದಿಯಿಂದ ಹೊಲಿಗೆಯಲ್ಲಿ ಮುಳುಗಿದ್ದೆ. ಯಂತ್ರದ ಉಸಿರುಚೀಲ ಅಲುಗಾಡದೆ ಎಷ್ಟೋ ಹೊತ್ತಾಗಿತ್ತೆಂಬುದನ್ನು ಮೊದಲು ಗಮನಿಸಿದವನು ನೆಲ ಒರೆಸಲು ಬಂದಿದ್ದ ಹುಡುಗ. ಬೆಕ್ಕು ಬದುಕಿತು, ಆದರೆ ಅದು ನನ್ನ ಜಾಣ್ಮೆಯಿಂದಲ್ಲ. ಶುದ್ಧ ಆಮ್ಲಜನಕ ಉಸಿರಾಡುತ್ತಿರುವ ಪ್ರಾಣಿಯ ಶ್ವಾಸಕೋಶದಲ್ಲಿ ಸಾಕಷ್ಟು ದಾಸ್ತಾನು ಇರುವುದರಿಂದ, ಉಸಿರು ನಿಂತು ನಿಮಿಷಗಳು ಕಳೆದರೂ ಅಂಕಿ ಇಳಿಯುವುದಿಲ್ಲ. ಹಾಗೆಯೇ ಉಣ್ಣಿ ಕಚ್ಚಿ ಬರುವ ಜ್ವರದಿಂದ ರಕ್ತ ಬತ್ತಿದ ನಾಯಿಯಲ್ಲೂ ಅದು 98 ಎಂದೇ ಹೇಳಬಹುದು, ಏಕೆಂದರೆ ಇರುವ ರಕ್ತವೆಲ್ಲ ಆಮ್ಲಜನಕದಿಂದ ತುಂಬಿದೆಯೇ ಎಂದಷ್ಟೇ ಅದು ಅಳೆಯುತ್ತದೆ. ಎಷ್ಟು ರಕ್ತವಿದೆ ಎಂಬುದನ್ನು ವಸಡಿನ ಬಣ್ಣ ಹೇಳುತ್ತದೆ.

ಉಸಿರಿನ ಸುದ್ದಿಯನ್ನು ತಕ್ಷಣ ತಿಳಿಸುವುದು ಕ್ಯಾಪ್ನೋಗ್ರಾಫ್. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡ್ 35ರಿಂದ 45 ಮಿ.ಮೀ. ಪಾದರಸದ ಆಸುಪಾಸಿನಲ್ಲಿದ್ದರೆ ಸರಿ. ಗೆರೆ ಒಮ್ಮೆಲೇ ನೆಲಕಚ್ಚಿದರೆ ಕೊಳವೆ ಕಳಚಿದೆಯೇ, ಎದೆ ಏಳುತ್ತಿದೆಯೇ, ನಾಡಿ ಇದೆಯೇ ಎಂದು ಒಂದೇ ಉಸಿರಿನಲ್ಲಿ ನೋಡಬೇಕು. ಉಸಿರಾಟ ಮೊದಲಿನಂತೆಯೇ ಇದ್ದು ಅಂಕಿ ಮಾತ್ರ ಜಾರುತ್ತ ಹೋದರೆ ಅದು ಇನ್ನೂ ಕೆಟ್ಟ ಸೂಚನೆ: ಶ್ವಾಸಕೋಶಕ್ಕೆ ರಕ್ತ ತಲುಪುವುದು ಕಡಿಮೆಯಾಗುತ್ತಿದೆ, ಹೃದಯ ಸೋಲುತ್ತಿದೆ ಎಂದರ್ಥ. ರಕ್ತದೊತ್ತಡದ ಸರಾಸರಿ 60ಕ್ಕಿಂತ ಕೆಳಗಿಳಿಯಲು ಬಿಡಬಾರದು. ಒತ್ತಡ ಅಳೆಯಲು ಕಾಲಿಗೆ ಸುತ್ತುವ ಪಟ್ಟಿಯ ಅಗಲ ಆ ಕಾಲಿನ ಸುತ್ತಳತೆಯ ಶೇ. 40ರಷ್ಟಿರಲಿ, ಕಿರಿದಾದರೆ ಇಲ್ಲದ ಒತ್ತಡವನ್ನು ಇದೆಯೆಂದು ತೋರಿಸುತ್ತದೆ.

ಇನ್ನು ಅರಿವಳಿಕೆಯ ಆಳ. ಇದನ್ನು ಯಾವ ಯಂತ್ರವೂ ನೇರವಾಗಿ ಹೇಳುವುದಿಲ್ಲ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಔಷಧ ಐಸೋಫ್ಲುರೇನಿನಲ್ಲಿರುವ ನಾಯಿಯ ಕಣ್ಣುಗುಡ್ಡೆ ಶಸ್ತ್ರಚಿಕಿತ್ಸೆಗೆ ತಕ್ಕ ಆಳದಲ್ಲಿ ಮೂಗಿನ ಕಡೆ ಕೆಳಕ್ಕೆ ತಿರುಗಿ, ಬಿಳಿ ಭಾಗ ಕಾಣುತ್ತದೆ. ಗುಡ್ಡೆ ನಡುವಿಗೆ ಬಂದಿದ್ದರೆ ಪ್ರಾಣಿ ಏಳುತ್ತಿರಬಹುದು ಅಥವಾ ತೀರಾ ಆಳಕ್ಕೆ ಇಳಿದಿರಬಹುದು. ಆಗ ದವಡೆಯನ್ನು ಎರಡು ಬೆರಳಿನಿಂದ ಅಗಲಿಸಿ: ಬಿಗಿಯಿದ್ದು, ರೆಪ್ಪೆಯ ಮೂಲೆ ಮುಟ್ಟಿದರೆ ಮಿಟುಕಿದರೆ ಏಳುತ್ತಿದೆ, ದವಡೆ ಜೋಲಾಡುತ್ತಿದ್ದು ರೆಪ್ಪೆ ಸುಮ್ಮನಿದ್ದರೆ ಔಷಧ ಕಡಿಮೆ ಮಾಡುವಂತೆ ವೈದ್ಯರಿಗೆ ಕೂಡಲೇ ಹೇಳಿ. ಕೆಟಮಿನ್ ಎಂಬ ಅರಿವಳಿಕೆ ಚುಚ್ಚುಮದ್ದು ಕೊಟ್ಟಿದ್ದರೆ ಈ ಲೆಕ್ಕವೆಲ್ಲ ತಪ್ಪುತ್ತದೆ, ಕಣ್ಣು ತೆರೆದು ನಡುವಿನಲ್ಲೇ ಇರುತ್ತದೆ. ಒಣಗದಂತೆ ಮುಲಾಮು ಹಾಕುವುದನ್ನು ಮಾತ್ರ ಮರೆಯಬೇಡಿ.

ಐದೈದು ನಿಮಿಷಕ್ಕೊಮ್ಮೆ ಎಲ್ಲವನ್ನೂ ಕಾಗದದಲ್ಲಿ ಬರೆಯಿರಿ, ಯಂತ್ರದಲ್ಲಿ ನೆನಪು ಉಳಿಯುತ್ತದೆಂದು ಬಿಡಬೇಡಿ. ಹೆಣ್ಣುನಾಯಿಯ ಅಂಡಾಶಯವನ್ನು ಎಳೆದಾಗ ಹೃದಯಬಡಿತ 90ರಿಂದ 130ಕ್ಕೆ ಜಿಗಿಯುವುದು ನೋವಿನ ಲಕ್ಷಣ. ಎಳೆತ ನಿಂತ ಮೇಲೆ ಅದು ಇಳಿಯಬೇಕು. ಮುಂದಿನ ಎರಡು ಸಾಲುಗಳಲ್ಲೂ 130, 140 ಎಂದೇ ಬರೆಯಬೇಕಾಗಿ ಬಂದು, ಪಕ್ಕದಲ್ಲಿ ರಕ್ತದೊತ್ತಡ ಇಳಿಯುತ್ತಿದ್ದರೆ, ಹೊಟ್ಟೆಯೊಳಗೆ ರಕ್ತನಾಳಕ್ಕೆ ಕಟ್ಟಿದ ಗಂಟು ಜಾರಿ ರಕ್ತ ಸೋರುತ್ತಿದೆಯೇ ಎಂದು ವೈದ್ಯರನ್ನು ಕೇಳುವ ಅಧಿಕಾರ ನಿಮಗಿದೆ. ಕೇಳಿದ್ದಕ್ಕೆ ಸಿಡುಕುವ ವೈದ್ಯರೂ ಇದ್ದಾರೆ, ಆದರೂ ಕೇಳಿ.

ಪ್ರಶ್ನೆ: ನಮ್ಮ ಪಗ್ ನಾಯಿಗೆ ಕಳೆದ ತಿಂಗಳು ಶಸ್ತ್ರಚಿಕಿತ್ಸೆಯಾಯಿತು. ಹೊಲಿಗೆ ಮುಗಿದ ಮೇಲೂ ಮೂರು ತಾಸು ಬಿಡದೆ, ಕಂಬಳಿ ಹೊದಿಸಿ ಇಟ್ಟುಕೊಂಡರು. ಕಾರವಾರದ ಈ ಸೆಕೆಯಲ್ಲಿ ಕಂಬಳಿಯೇ?
(ಓದುಗರೊಬ್ಬರು, ಕಾರವಾರ)

ಉತ್ತರ: ಅವರು ಮಾಡಿದ್ದು ಸರಿಯೇ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ 98,036 ನಾಯಿಗಳನ್ನೂ 79,178 ಬೆಕ್ಕುಗಳನ್ನೂ ಒಳಗೊಂಡು ನಡೆದ ದೊಡ್ಡ ಅಧ್ಯಯನವೊಂದರಲ್ಲಿ, ಅರಿವಳಿಕೆ ಅಥವಾ ಮಂಪರಿಗೆ ಸಂಬಂಧಿಸಿದ ಸಾವು 10,000ಕ್ಕೆ ನಾಯಿಗಳಲ್ಲಿ ಸುಮಾರು 17, ಬೆಕ್ಕುಗಳಲ್ಲಿ ಸುಮಾರು 24 ಎಂದು ಕಂಡುಬಂತು. ಸತ್ತ ನಾಯಿಗಳಲ್ಲಿ ಅರ್ಧದಷ್ಟು, ಬೆಕ್ಕುಗಳಲ್ಲಿ ಅರ್ಧಕ್ಕೂ ಹೆಚ್ಚು ತೀರಿಕೊಂಡದ್ದು ಶಸ್ತ್ರಚಿಕಿತ್ಸೆ ಮುಗಿದ ನಂತರ, ಅದರಲ್ಲೂ ಹೆಚ್ಚಿನವು ಮೊದಲ 3 ಗಂಟೆಯೊಳಗೆ. ಎಲ್ಲರೂ ಕೈ ತೊಳೆದು ಚಹಾಕ್ಕೆ ಹೋಗುವ ಹೊತ್ತು ಅದೇ.

ಹೊರಗೆ ಬೆವರು ಸುರಿಯುತ್ತಿದ್ದರೂ ಮೇಜಿನ ಮೇಲಿನ ನಾಯಿ ತಣ್ಣಗಾಗುತ್ತಲೇ ಇರುತ್ತದೆ. ರೋಮ ಬೋಳಿಸಿ ಸ್ಪಿರಿಟ್ ಬಳಿದಿರುತ್ತಾರೆ, ಹೊಟ್ಟೆ ತೆರೆದಿರುತ್ತದೆ, ಸ್ಟೀಲಿನ ಮೇಜು, ಮೇಲೆ ಎ.ಸಿ.; ನಡುಗಿ ಬೆಚ್ಚಗಾಗುವ ಶಕ್ತಿಯನ್ನೂ ಔಷಧ ಕಿತ್ತುಕೊಂಡಿರುತ್ತದೆ. ಮೈ ತಣ್ಣಗಾದಷ್ಟೂ ಎಚ್ಚರವಾಗುವುದು ತಡ. ಬಿಸಿನೀರಿನ ಬಾಟಲಿಯನ್ನು ಬಟ್ಟೆ ಸುತ್ತದೆ ಒತ್ತಿಡುವುದು ಮಾತ್ರ ಅಪಾಯ. ಸುಟ್ಟರೂ ಸರಿದುಕೊಳ್ಳಲಾರದ ಪ್ರಾಣಿ ಅದು. ಪಗ್‌ನಂಥ ಮೊಂಡುಮೂತಿಯ ನಾಯಿಗೆ ಗಂಟಲಿನ ಕೊಳವೆಯನ್ನು ಉಳಿದವುಗಳಿಗಿಂತ ತಡವಾಗಿ, ಅದು ತಲೆಯೆತ್ತಿ ಕೊಳವೆಯನ್ನು ಸಹಿಸದಾದ ಮೇಲೆಯೇ ತೆಗೆಯುತ್ತಾರೆ. ಆಮೇಲೂ ಉಸಿರಾಟ ಗೊರಗೊರ ಎನ್ನುತ್ತಿದೆಯೇ ಎಂದು ಒಬ್ಬರು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳಬೇಕು.

ಪ್ರಶ್ನೆ: ನಮ್ಮ ಮಲೆನಾಡು ಗಿಡ್ಡ ಆಕಳ ಹೊಟ್ಟೆಯಿಂದ ಪ್ಲಾಸ್ಟಿಕ್ ತೆಗೆಯುವಾಗ, ಪೂರ್ತಿ ಮಲಗಿಸದೆ ಕೊಟ್ಟಿಗೆಯಲ್ಲಿ ನಿಲ್ಲಿಸಿಯೇ ಕೊಯ್ದರು. ಅದಕ್ಕೆ ನೋವಾಗಲಿಲ್ಲವೇ?
(ಓದುಗರೊಬ್ಬರು, ಸಿದ್ದಾಪುರ)

ಉತ್ತರ: ಬೆನ್ನೆಲುಬಿನ ಪಕ್ಕದಲ್ಲಿ ಲಿಗ್ನೋಕೇನ್ ಚುಚ್ಚಿ ಆ ಪಕ್ಕೆಯ ನರಗಳನ್ನು ಜೋಮುಹಿಡಿಸಿರುತ್ತಾರೆ, ಸೂಜಿ ತಾಗಿಸಿದಾಗ ಚರ್ಮ ಅದುರದಿದ್ದರೆ ಅದು ಕೆಲಸ ಮಾಡಿದೆ ಎಂದರ್ಥ. ಮೆಲುಕು ಹಾಕುವ ಪ್ರಾಣಿಯನ್ನು ಪೂರ್ತಿ ಮಲಗಿಸಲು ವೈದ್ಯರು ಹಿಂಜರಿಯುವುದಕ್ಕೆ ಕಾರಣವಿದೆ. ಪ್ರಜ್ಞೆ ಇಲ್ಲದಿದ್ದರೂ ಅದರ ದೊಡ್ಡ ಹೊಟ್ಟೆಯಲ್ಲಿ ಮೇವು ಹುದುಗಿ ಗಾಳಿಯಾಗುತ್ತಲೇ ಇರುತ್ತದೆ. ತೇಗು ಬಾರದೆ ಎಡಪಕ್ಕೆ ಉಬ್ಬಿ ಉಸಿರನ್ನು ಒತ್ತುತ್ತದೆ, ಜೊಲ್ಲೂ ಮೇವೂ ಶ್ವಾಸನಾಳಕ್ಕೆ ಇಳಿಯಬಹುದು. ಮಲಗಿಸಲೇಬೇಕಾದಾಗ ನೋಡಿಕೊಳ್ಳುವವರ ಒಂದು ಕೈ ಎಡಪಕ್ಕೆಯ ಮೇಲಿರಬೇಕು. ದರಕು (ಒಣಗಿದ ಎಲೆ) ತುಂಬಿದ ಚೀಲವನ್ನು ಕತ್ತಿನಡಿ ಇಟ್ಟು, ಮೂತಿ ತಗ್ಗಿನಲ್ಲಿದ್ದು ಜೊಲ್ಲು ಹೊರಹರಿಯುವಂತೆ ಮಾಡಬೇಕು.

ತೂಕವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಮಂಪರು ತರಿಸುವ ಔಷಧ ಕ್ಸೈಲಜಿನ್ ದನಗಳಿಗೆ ಸಾಕಾಗುವುದು ಕುದುರೆಗೆ ಬೇಕಾದುದರ ಹತ್ತರಲ್ಲೊಂದು ಪಾಲು. ಜರ್ಸಿ ಮಿಶ್ರತಳಿಯ ಲೆಕ್ಕದಲ್ಲಿ ಪುಟ್ಟ ಗಿಡ್ಡಕ್ಕೆ ಕೊಟ್ಟರೆ ಅದು ಹೊತ್ತು ಮುಳುಗಿದರೂ ಏಳಲಾರದು. ಗಬ್ಬದ ಕೊನೆಯ ತಿಂಗಳುಗಳಲ್ಲಿದ್ದರೆ ಅದನ್ನೂ ಮುಂಚೆಯೇ ತಿಳಿಸಿ, ಏಕೆಂದರೆ ಆ ಔಷಧ ಗರ್ಭಕೋಶವನ್ನು ಕುಗ್ಗಿಸುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ನಡುವೆ ಕರೆಂಟು ಹೋಗಿ ಮಾನಿಟರ್ ಆರಿದರೆ?
(ಪಶು ಚಿಕಿತ್ಸಾಲಯದ ಸಹಾಯಕರು, ಕುಮಟಾ)

ಉತ್ತರ: ಅನ್ನನಾಳಕ್ಕೆ ಇಳಿಸುವ ಸ್ಟೆತಾಸ್ಕೋಪಿಗೆ ಕರೆಂಟು ಬೇಡ, ಬೆಲೆಯೂ ಹೆಚ್ಚಲ್ಲ, ಹೃದಯ, ಉಸಿರು ಎರಡೂ ಅದರಲ್ಲಿ ಕೇಳಿಸುತ್ತವೆ. ಶಸ್ತ್ರಚಿಕಿತ್ಸೆಯ ಆರಂಭದಲ್ಲೇ ಅದನ್ನು ಇಳಿಸಿಟ್ಟಿರಿ, ಕತ್ತಲಾದ ಮೇಲೆ ಹುಡುಕುವುದಲ್ಲ. ಟಾರ್ಚ್ ಮತ್ತು ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಮೇಜಿನ ತಲೆಯ ಕಡೆ ತೂಗುಹಾಕಿರಲಿ.