ಫಿಲ್ಟರ್ ಒತ್ತಿದರೂ ಹೋಗದ ಕಿರಿಕಿರಿ: ಲೇಖಕರಿಗೊಂದು ಉತ್ತರ

ನಮಸ್ಕಾರ.

ಇಸಿಜಿ ಪಟ್ಟಿಯಲ್ಲಿ ಕರೆಂಟಿನ ಕಾಟ ತೆಗೆಯುವ ಫಿಲ್ಟರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈ ರೂಪದಲ್ಲಿ ಹಾಕಲಾರೆ. ತೊಡಕು ಭಾಷೆಯದಲ್ಲ, ಸರಾಗವಾಗಿ ಬರೆಯುತ್ತೀರಿ.

ಬೆಣ್ಣೆ ದೋಸೆ, ವಿದ್ಯುತ್ತಿನ ಮಹಿಮೆ ಅಂತಿರುವ ಮೊದಲ ಎರಡು ಪ್ಯಾರಾ ಹೊಡೆದುಹಾಕಿದ್ದೇನೆ. ದಾವಣಗೆರೆಯವರಿಗೆ ದಾವಣಗೆರೆಯ ಪರಿಚಯ ಯಾಕೆ? ಲೇಖನ ನಿಜಕ್ಕೂ ಶುರುವಾಗುವುದು ಮಂಡಿಪೇಟೆಯ ಕ್ಲಿನಿಕ್ಕಿನಲ್ಲಿ. ಸಂಜೆ ಕೆಳಗಿನ ಬಟ್ಟೆ ಅಂಗಡಿಯ ಎಲ್‌ಇಡಿ ದೀಪಗಳು ಹತ್ತಿದ ಕೂಡಲೇ ಇಸಿಜಿ ಗೆರೆ ದಪ್ಪಗಾಯಿತು, 50 ಹರ್ಟ್ಸ್ (ಸೆಕೆಂಡಿಗೆ 50 ಅಲೆ, ನಮ್ಮ ಮನೆ ಕರೆಂಟಿನ ಆವರ್ತನ) ಫಿಲ್ಟರ್ ಒತ್ತಿದರೂ ಪೂರ್ತಿ ಹೋಗಲಿಲ್ಲ ಎಂದಿದ್ದೀರಿ. ಇಷ್ಟು ಒಳ್ಳೆಯ ಸಂಗತಿ ಕೈಗೆ ಸಿಕ್ಕಿತ್ತು. 'ಮಿಷಿನ್ ಹಳೆಯದಿರಬೇಕು' ಎಂದು ಕೈ ತೊಳೆದುಕೊಂಡುಬಿಟ್ಟಿರಲ್ಲ!

ಮಿಷಿನ್ನಿನದು ತಪ್ಪಿಲ್ಲ. ಆ ನಾಚ್ ಫಿಲ್ಟರ್ 50ರ ಆಸುಪಾಸನ್ನಷ್ಟೇ ತೆಗೆಯುತ್ತದೆ. ಎಲ್‌ಇಡಿ ಡ್ರೈವರ್, ಯುಪಿಎಸ್, ಚಾರ್ಜರುಗಳ ಒಳಗಿನ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ಸಾಮಾನ್ಯವಾಗಿ ವೋಲ್ಟೇಜ್ ತುದಿ ಮುಟ್ಟಿದಾಗ ಮಾತ್ರ ಗಬಕ್ಕನೆ ಕರೆಂಟ್ ಎಳೆಯುತ್ತದೆ. ಅದರಿಂದ 150, 250, 350 ಹರ್ಟ್ಸ್‌ನ ಹಾರ್ಮೋನಿಕ್ಸ್, ಅಂದರೆ 50ರ ಗುಣಕಗಳಾದ ಅಲೆಗಳು, ಹುಟ್ಟುತ್ತವೆ. 150ರದು ಹೆಚ್ಚಿನ ಉಪದ್ರವ: ಮೂರೂ ಫೇಸಿನ (ಕರೆಂಟ್ ತರುವ ಮೂರು ತಂತಿಗಳ) 150, ವಾಪಸು ಹೋಗುವ ತಂತಿಯಾದ ನ್ಯೂಟ್ರಲ್‌ನಲ್ಲಿ ವಜಾ ಆಗದೆ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಮೇಲಾಗಿ, ಕಾಂತಕ್ಷೇತ್ರದಿಂದ ಲೀಡ್ ವೈರುಗಳ (ರೋಗಿಯ ಮೈಯಿಂದ ಮಿಷಿನ್ನಿಗೆ ಹೋಗುವ ತಂತಿಗಳ) ಸುತ್ತಿನಲ್ಲಿ ಹುಟ್ಟುವ ವೋಲ್ಟೇಜ್ ಆವರ್ತನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಮೂರನೇ ಒಂದು ಪಾಲು ಕರೆಂಟಿದ್ದರೂ 150 ಹರ್ಟ್ಸ್, 50ರಷ್ಟೇ ಕಾಟ ಕೊಡಬಲ್ಲದು. ನಿಮ್ಮ ಲೇಖನದ ಜೀವಾಳ ಇದಾಗಬೇಕಿತ್ತು.

ಪಟ್ಟಿಯಲ್ಲೇ ಇದರ ಗುರುತು ಸಿಗುತ್ತದೆ. ಕಾಗದ ಸೆಕೆಂಡಿಗೆ 25 ಮಿ.ಮೀ. ಓಡುವಾಗ ಒಂದು ಸಣ್ಣ ಚೌಕದಲ್ಲಿ 50 ಹರ್ಟ್ಸ್‌ನ ಅಲೆ ಎರಡು, 150ರದು ಆರು. ಆರು ಅಲೆ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ, ಮಸಿ ಹರಡಿದಂತಿರುತ್ತದೆ. ನೀವು ಕಂಡ ದಪ್ಪ ಗೆರೆ ಇದೇ ಇದ್ದೀತು.

'ಸೆಕೆಂಡಿಗೆ 200 ಸ್ಯಾಂಪಲ್ ಸಾಕು' (ಮಿಷಿನ್ ಸೆಕೆಂಡಿಗೆ 200 ಸಲ ಅಳೆದರೆ ಸಾಕು) ಎಂಬ ಸಾಲೂ ಬೇಡ. ಅಳೆಯುವ ಮೊದಲೇ ತಡೆಯದಿದ್ದರೆ, ಅಷ್ಟು ವಿರಳ ಅಳತೆಯಲ್ಲಿ 150, 250 ಎರಡೂ 50ರ ವೇಷ ಹಾಕಿ ಒಳಗೆ ಬರುತ್ತವೆ.

'ಮಸಲ್ ಫಿಲ್ಟರ್ ಹಾಕಿದರೆ ಎಲ್ಲ ಸರಿ' ಎಂಬ ಸಲಹೆ ಮಾತ್ರ ಅಪಾಯದ್ದು. 40 ಹರ್ಟ್ಸ್ ಮೇಲಿನದನ್ನೆಲ್ಲ ತಗ್ಗಿಸುವ ಫಿಲ್ಟರ್ ಆರ್ ಅಲೆಯ (ಪ್ರತಿ ಬಡಿತದ ಚೂಪು ಶಿಖರದ) ತುದಿಯನ್ನೂ ಮೊಂಡು ಮಾಡುತ್ತದೆ. ವಯಸ್ಕರ ರೋಗಪತ್ತೆಯ ಇಸಿಜಿಗೆ 150ರ ತನಕ ಬೇಕು. ಲೀಡ್ ವೈರುಗಳನ್ನು ಒಟ್ಟಿಗೆ ಹಿಡಿದು ಕರೆಂಟ್ ವೈರಿನಿಂದ ದೂರ ಇಡುವ ಮಾತು ಮೊದಲು ಬರಲಿ, ಗುಂಡಿ ಒತ್ತುವುದು ಆಮೇಲೆ.

ತಿದ್ದಿ ಕಳಿಸಿ. ದೀಪ ಆರಿದ್ದಾಗಿನ, ಹತ್ತಿದಾಗಿನ ಎರಡೂ ಪಟ್ಟಿಗಳ ಫೋಟೋ ಜೊತೆಗಿರಲಿ, ರೋಗಿಯ ಹೆಸರು ಕತ್ತರಿಸಿ.

ಇತಿ,
ಸಂಪಾದಕ