ಹೆಸರು ಬಂದಲ್ಲೆಲ್ಲ ಕೊಂಡಿ ಬೇಕೇ?

ಪ್ರಶ್ನೆ: ನಮ್ಮ ಮನೆತನದ ಹಿರಿಯರ ಜೀವನಚಿತ್ರಗಳನ್ನು ವಿಕಿಟ್ರೀ ಎಂಬ ವಂಶವೃಕ್ಷದ ಜಾಲತಾಣದಲ್ಲಿ ಬರೆಯುತ್ತಿದ್ದೇನೆ. ಒಬ್ಬರ ಕಥೆಯಲ್ಲಿ ಇನ್ನೊಬ್ಬರ ಹೆಸರು ಬಂದಾಗಲೆಲ್ಲ ಅವರ ಪುಟಕ್ಕೆ ಕೊಂಡಿ ಹಾಕಬೇಕೇ? – ಓದುಗರೊಬ್ಬರು, ಸಾಗರ

ಉತ್ತರ: ಬೇಕಿಲ್ಲ. ತಂದೆ ತಾಯಿ, ಒಡಹುಟ್ಟಿದವರು, ಗಂಡ ಹೆಂಡತಿ, ಮಕ್ಕಳ ಸಂಬಂಧವನ್ನು ನೀವು ದಾಖಲಿಸಿದರೆ ತಾಣವೇ ಅವರ ಹೆಸರುಗಳನ್ನು ಪುಟದ ಮೇಲ್ಭಾಗದಲ್ಲಿ ಜೋಡಿಸುತ್ತದೆ. ಆ ಸಾಲಿನಲ್ಲಿ ಜಾಗ ಸಿಗದವರ ಕಡೆ ಗಮನ ಕೊಡಿ. ಸಾಕಿ ಬೆಳೆಸಿದ ಸೋದರತ್ತೆ, ಕ್ರಯಪತ್ರಕ್ಕೆ ಸಾಕ್ಷಿ ಹಾಕಿದ ನೆರೆಮನೆಯವರು ಕಥೆಗೆ ಬೇಕಾದವರಾಗಿದ್ದರೆ, ಅವರ ಹೆಸರು ಮೊದಲು ಬಂದಲ್ಲಿ ಒಮ್ಮೆ ಕೊಂಡಿ ಹಾಕಿ.

ದತ್ತು ಹೋದವರ ವಿಷಯದಲ್ಲಿ ಮಾತ್ರ ಎರಡೂ ಕಡೆಗೆ ಕೊಂಡಿ ಇರಲೇಬೇಕು. ಮೈಸೂರಿನ ಚಾಮರಾಜೇಂದ್ರ ಒಡೆಯರ್ 1863ರಲ್ಲಿ ಹುಟ್ಟಿದ್ದು ಬೆಟ್ಟದಕೋಟೆಯ ಅರಸು ಮನೆತನದಲ್ಲಿ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅವರನ್ನು ದತ್ತು ತೆಗೆದುಕೊಂಡರು. ಒಂದೇ ಮನೆಯನ್ನು ತೋರಿಸಿದರೆ ಅವರು ಪಟ್ಟಕ್ಕೆ ಬಂದ ಬಗೆ ಓದುಗರಿಗೆ ತಿಳಿಯುವುದೇ ಇಲ್ಲ.

ನನಗೆ ನಿಜಕ್ಕೂ ಆತಂಕ ಇರುವುದು ತಪ್ಪು ಕೊಂಡಿಗಳ ಬಗ್ಗೆ. ಹಳೆಯ ಕಾಗದವೊಂದರಲ್ಲಿ ‘ಕೃಷ್ಣರಾಜ ಒಡೆಯರ ಕಾಲದಲ್ಲಿ ಇನಾಮು ಬಂತು’ ಎಂದಷ್ಟೇ ಇದೆ ಎನ್ನಿ. ಅದು 1868ರಲ್ಲಿ ತೀರಿಕೊಂಡ ಮುಮ್ಮಡಿಯವರ ಕಾಲವೋ, 1940ರವರೆಗೆ ಆಳಿದ ನಾಲ್ವಡಿಯವರ ಕಾಲವೋ? ಇಸವಿ ಸಿಗುವವರೆಗೆ ಕೊಂಡಿ ಹಾಕಬೇಡಿ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮ ಮನೆಗಳಲ್ಲಿ ಈ ತೊಡಕು ದಿನನಿತ್ಯದ್ದು. ಪತ್ರದಲ್ಲಿ ‘ಅಣ್ಣ’ ಎಂದು ಕರೆಸಿಕೊಂಡವರು ದೊಡ್ಡಪ್ಪನ ಮಗನೂ ಆಗಿರಬಹುದು. ಒಮ್ಮೆ ತಪ್ಪಾಗಿ ಜೋಡಿಸಿದ್ದನ್ನು ಮುಂದಿನವರು ಪರಿಶೀಲಿಸದೆ ನಕಲು ಮಾಡಿಕೊಳ್ಳುತ್ತಾರೆ. ಅನುಮಾನವಿದ್ದರೆ ಹೆಸರನ್ನು ಹಾಗೇ ಬಿಟ್ಟು, ಯಾವ ಕಾಗದದಲ್ಲಿ ಕಂಡಿರಿ ಎಂಬುದನ್ನು ಬರೆದಿಡಿ. ಬದುಕಿರುವವರ ಹೆಸರು ಬಳಸುವ ಮುನ್ನ ಅವರ ಒಪ್ಪಿಗೆ ಕೇಳಿ.

ನಮ್ಮ ಹಳೆಯ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನು ಕೈಬಿಟ್ಟಿರುವುದೇ ಹೆಚ್ಚು. ಸೊಸೆಯಾಗಿ ಬಂದವರ ತವರನ್ನಂತೂ ಬರೆದವರೇ ಕಡಿಮೆ. ಇದು ನನಗೆ ಬಹಳ ನೋವಿನ ಸಂಗತಿ. ನಿಮ್ಮ ಅಜ್ಜಿಯ ತಂದೆಯ ಹೆಸರು, ತವರೂರು ಇಷ್ಟೇ ಗೊತ್ತಿದ್ದರೂ ಸರಿ, ಆ ತಂದೆಗೆ ಒಂದು ಪುಟ ತೆರೆದು ಅಜ್ಜಿಯ ಪುಟಕ್ಕೆ ಜೋಡಿಸಿ. ಅಜ್ಜಿಯ ಅಣ್ಣತಮ್ಮಂದಿರ ಮೊಮ್ಮಕ್ಕಳು ತಮ್ಮ ಮನೆತನವನ್ನು ಹುಡುಕಿಕೊಂಡು ಬಂದಾಗ ಆ ಪುಟದಿಂದಲೇ ಅವರಿಗೆ ನಿಮ್ಮ ಮನೆಯ ಗುರುತು ಸಿಗುತ್ತದೆ. ನಿಮಗೆ ತಿಳಿಯದ ಹೆಸರುಗಳನ್ನು ಅವರು ತುಂಬಿಸಿಕೊಡಬಲ್ಲರು.

– ಸಂಪಾದಕ